ಅವ್ವನ ಒಂಬತ್ತು ಫೋಟೋಗಳು

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಅಣ್ಣ ಬದುಕಿರುವವರೆಗೆ ಬೇಡ ಎಂದುಕೊಂಡಿದ್ದೆ. ಅಣ್ಣ ಹೋದ. ಆಮೇಲೆ ಹೆಂಡತಿಯ ಹತ್ತಿರವಾದರೂ ಹೇಳೋಣ ಎಂದುಕೊಂಡೆ, ಹೇಳಲಿಲ್ಲ. ಈ ನೆನಪುಗಳನ್ನು ಬರೆಯಲು ಕೂತ ಮೇಲೂ ಶಾಲೆಯ ವಿಷಯ, ಹೊಳೆಯ ವಿಷಯ, ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕ ಸ್ಟುಡಿಯೋ ಇಟ್ಟ ವಿಷಯ ಎಲ್ಲ ಬರೆದೆ, ಇದೊಂದನ್ನು ಬಿಟ್ಟು. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ, ಬರೆಯಲು ಸರಿಯಾಗಿ ಬರುವುದಿಲ್ಲ ಎಂಬುದು ಒಳ್ಳೆಯ ನೆಪವಾಗಿತ್ತು. ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆ ನಂಬಿಕೆ ಇಲ್ಲ. ಹಗುರವಾಗಬೇಕಾದವರು ನಾನಲ್ಲ, ಹಗುರವಾಗಬೇಕಾದವರು ಈಗ ಇಲ್ಲ.

ನಂಜನಗೂಡಿನ ನಮ್ಮ ಮನೆ ಕತ್ತಲೆಯ ಮನೆ. ಬೀದಿ ಎಷ್ಟು ಇಕ್ಕಟ್ಟೆಂದರೆ ನಮ್ಮ ಸೂರಿನ ನೀರು ಎದುರು ಮನೆಯ ಜಗಲಿಗೆ ಬೀಳುತ್ತಿತ್ತು, ಅದಕ್ಕೆ ವರ್ಷಕ್ಕೊಂದು ಜಗಳ. ಜಗಲಿ ದಾಟಿದರೆ ನಡುಮನೆ, ಅದಕ್ಕೆ ಕಿಟಕಿ ಇಲ್ಲ. ಅದರ ಹಿಂದೆ ಅಡುಗೆಮನೆ, ಅಲ್ಲಿ ಹೊಗೆ. ಅಪ್ಪ ಸಾಯುವ ಮೊದಲು ಮಾಡಿಸಿದ ಒಂದೇ ಒಂದು ಕೆಲಸವೆಂದರೆ ನಡುಮನೆಯ ಸೂರಿಗೆ ಎರಡು ಗಾಜಿನ ಹೆಂಚು ಹಾಕಿಸಿದ್ದು. ಅದರಿಂದ ಇಳಿಯುವ ಬೆಳಕು ಬೆಳಿಗ್ಗೆ ದೇವರ ಗೂಡಿನ ಹತ್ತಿರ, ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲ ಹತ್ತಿರ, ಇಳಿಹೊತ್ತಿಗೆ ಒರಳಿನ ಪಕ್ಕದ ಸುಣ್ಣದ ಗೋಡೆಯ ಮೇಲೆ ಇರುತ್ತಿತ್ತು. ನಮಗೆ ಯಾರಿಗೂ ಅದು ಹೀಗೆ ಸರಿಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾದದ್ದು ಅಣ್ಣನಿಗೆ ಮದುವೆಯಾಗಿ ಅತ್ತಿಗೆ ಬಂದ ಮೇಲೆ. ಸೋಮನಾಥಪುರದ ಹತ್ತಿರದ ಹಳ್ಳಿಯವರು. ಆಗ ಅವರಿಗೆ ಹದಿನೇಳೋ ಹದಿನೆಂಟೋ, ನನಗೆ ಒಂಬತ್ತು. ಅಕ್ಕಿಯಲ್ಲಿ ಕಲ್ಲು ಆರಿಸಲು ಅವರು ಆ ಬೆಳಕಿನ ತುಂಡಿನಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಬೆಳಕು ಸರಿದ ಹಾಗೆ ತಾವೂ ಸರಿಯುತ್ತಿದ್ದರು.

“ಬೆಳಕು ಎದ್ದೋಯ್ತು, ಮೊರ ಇತ್ತಗೆ ತಳ್ಳು ಮಾದೇವು” ಎನ್ನುತ್ತಿದ್ದರು. ನಾನು ತಳ್ಳುತ್ತಿದ್ದೆ.

ಊಟಕ್ಕೆ ಮೊದಲು ಅಣ್ಣ, ಆಮೇಲೆ ನಾನು, ಆಮೇಲೆ ಅವ್ವ. ಅತ್ತಿಗೆ ಉಣ್ಣುವುದನ್ನು ನಾನು ಸರಿಯಾಗಿ ನೋಡಿದ ನೆನಪೇ ಇಲ್ಲ. ಮುದ್ದೆ ಮುರಿಯುವಾಗ ನನ್ನ ತಟ್ಟೆಗೆ ತುಪ್ಪ ಬೀಳುತ್ತಿತ್ತು, ಅದು ಅವ್ವನಿಗೆ ಕಾಣದ ಹಾಗೆ ಬೀಳುತ್ತಿತ್ತು. ಅವರು ಬಂದ ವರ್ಷವೇ ಒಂದು ಸಂಜೆ ನಾನು ಚೆಂಡು ಆಡುತ್ತಾ ಲಾಟೀನಿನ ಬುರುಡೆ ಒಡೆದೆ. ಅಣ್ಣನ ಕೈ ಜೋರು, ನನಗೆ ಉಚ್ಚೆ ಬರುವಷ್ಟು ಭಯ. ಅವ್ವ ಒಳಗಿಂದ ಬಂದು ಯಾರು ಎಂದು ಕೇಳುವಷ್ಟರಲ್ಲಿ ಅತ್ತಿಗೆ, “ನಾನೇ ಅತ್ತೆ, ಒರಸಕ್ ಓಗಿ ಜಾರ್ಬುಡ್ತು” ಎಂದರು. ಅವ್ವ ಅವರ ತವರಿನವರನ್ನೆಲ್ಲ ಎಳೆದು ಬೈದಳು. ಅತ್ತಿಗೆ ಚೂರುಗಳನ್ನು ಬಳಿಯುತ್ತಾ ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮಿಟುಕಿಸಿದರು. ನನಗೆ ಆವತ್ತು ಆದದ್ದು ಸಂತೋಷ ಅಷ್ಟೇ. ನಾಚಿಕೆ ಆಗಲಿಲ್ಲ. ನನ್ನ ಪಾಲಿನ ಬೈಗುಳ ತಿನ್ನಲು ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಒಂಬತ್ತು ವರ್ಷಕ್ಕೇ ಕಲಿತೆ. ಕಲಿತದ್ದು ಮರೆಯಲಿಲ್ಲ.

ನಾನು ದೊಡ್ಡವನಾಗಿ ಫೋಟೋ ಕೆಲಸ ಕಲಿತು, ನರಸೀಪುರದಲ್ಲಿ ಒಂದು ಬಾಗಿಲಿನ ಸ್ಟುಡಿಯೋ ಇಟ್ಟೆ. ಬೆಳಿಗ್ಗೆ ನಂಜನಗೂಡಿನಿಂದ ಬಸ್ಸು, ಸಂಜೆ ವಾಪಸು. ಎರಡೂ ತಾಲ್ಲೂಕಿನ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ ಎಲ್ಲ ನನ್ನ ಕೈಯಲ್ಲಿ ಆಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅವ್ವನದೊಂದು ಸರಿಯಾದ ಫೋಟೋ ಇರಲಿಲ್ಲ. ಇದ್ದವೆಲ್ಲ ಕಣ್ಣು ಮುಚ್ಚಿದವು, ಇಲ್ಲವೇ ಸೆರಗು ಮುಖಕ್ಕೆ ಬಂದವು. ಪೊರೆ ಬಂದು ಆಪರೇಷನ್ ಆದ ಮೇಲೆ ಅವ್ವನ ಕಣ್ಣು ಬೆಳಕು ತಡೆಯುತ್ತಿರಲಿಲ್ಲ. ಬೀದಿಗೆ ಬಂದರೆ ಮುಖ ಹಿಂಡಿಕೊಳ್ಳುತ್ತಿದ್ದಳು. ಮನೆಯೊಳಗೆ ಫ್ಲ್ಯಾಶ್ ಇಲ್ಲದೆ ನನ್ನ ಸ್ಟುಡಿಯೋದ ಕ್ಯಾಮೆರಾದಲ್ಲಿ ಏನೂ ಬರುತ್ತಿರಲಿಲ್ಲ. ಫ್ಲ್ಯಾಶ್ ಹೊಡೆದರೆ ಅವ್ವನ ಕೈ ತಾನಾಗಿ ಮುಖಕ್ಕೆ ಏಳುತ್ತಿತ್ತು. ಸ್ಟ್ಯಾಂಡ್ ಇಟ್ಟು ನಿಧಾನವಾಗಿ ತೆಗೆಯೋಣವೆಂದರೆ, ಒಳಗಿನ ಕನ್ನಡಿ ಟಪ್ ಎಂದು ಎದ್ದ ಸದ್ದಿಗೆ ಬೆಚ್ಚಿ ಅಲುಗುತ್ತಿದ್ದಳು. ಬಾಳೆಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಅಣ್ಣನಿಗೆ ಇದೊಂದು ಕೊರಗು. ಪಕ್ಷದ ಹಬ್ಬದ ದಿನ ನಮ್ಮಲ್ಲಿ ಸತ್ತವರ ಫೋಟೋಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಅವರವರಿಗೆ ಇಷ್ಟವಾದ ಅಡುಗೆಯನ್ನು ಎಲೆಯಲ್ಲಿ ಎಡೆ ಇಡುತ್ತೇವೆ. ಎಡೆ ಇಡುವುದು ಮನೆಯ ಹಿರಿ ಸೊಸೆ. ಪ್ರತಿ ಸಲ ಆ ಸಾಲಿನ ಮುಂದೆ ನಿಂತು ಅಣ್ಣ ನನ್ನನ್ನು ಚುಚ್ಚುತ್ತಿದ್ದ.

“ಊರೋರ್ ಮೊಕ ಎಲ್ಲಾ ನಿನ್ ಕೈಲಿ ಬತ್ತದೆ. ಎತ್ತವ್ವನ ಮೊಕ ಯಾಕ್ಲಾ ಬರಾಕಿಲ್ಲ? ನಾಳೆ ಅವ್ವ ಓದ್ಮೇಲೆ ಏನ್ ಮಡಗಿ ಎಡೆ ಇಕ್ಕದು, ನಿನ್ ಸ್ಟುಡಿಯೋ ಬೋರ್ಡಾ?”

ನರಸೀಪುರದಲ್ಲಿ ನಿವೃತ್ತರಾದ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದರು. ಸೋಮನಾಥಪುರದ ಗುಡಿಯ ಒಳಗಿನ ಕೆತ್ತನೆಗಳನ್ನು ಫೋಟೋ ತೆಗೆಯುವುದು ಅವರ ಹುಚ್ಚು. ಒಳಗೆ ಫ್ಲ್ಯಾಶ್ ಹೊಡೆಯುವಂತಿಲ್ಲ, ಸ್ಟ್ಯಾಂಡ್ ಇಡುವಂತಿಲ್ಲ, ಕತ್ತಲೆಯೋ ನಮ್ಮ ನಡುಮನೆಯದೇ ಕತ್ತಲೆ. ಆದರೂ ಅವರ ಫಿಲ್ಮನ್ನು ನಾನು ತೊಳೆದು ಪ್ರಿಂಟ್ ಹಾಕುವಾಗ ಚಾವಣಿಯಲ್ಲಿ ಕೆತ್ತಿದ ಕಲ್ಲಿನ ಬಾಳೆಮೊಗ್ಗಿನ ಒಂದೊಂದು ಪದರವೂ ಕಾಣುತ್ತಿತ್ತು. ಅವರ ಹತ್ತಿರ ಇದ್ದದ್ದು ಜಪಾನಿನ ಎರಡು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ. ಅದರಲ್ಲಿ ಕನ್ನಡಿ ಇರುವುದಿಲ್ಲ. ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದಲ್ಲಿರುವ ಬೇರೆ ಕಿಂಡಿಯಿಂದ ನೋಡುತ್ತೇವೆ. ಕಿಂಡಿಯ ನಡುವೆ ಹಳದಿ ಚೌಕ, ಅದರಲ್ಲಿ ಎದುರಿನ ಮುಖ ಎರಡಾಗಿ ಕಾಣುತ್ತದೆ. ಲೆನ್ಸಿನ ಸುತ್ತಲಿನ ಬಳೆ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಫೋಕಸ್ ಆಯಿತು. ಒತ್ತಿದರೆ ಕಡ್ಡಿ ಮುರಿದಷ್ಟೂ ಸದ್ದಿಲ್ಲ, ಏನೂ ಅದುರುವುದಿಲ್ಲ, ಆದ್ದರಿಂದ ಕೈಯಲ್ಲೇ ಹಿಡಿದು ನಿಧಾನವಾಗಿ ತೆಗೆಯಬಹುದು. ಅವ್ವನ ವಿಷಯ ಹೇಳಿದೆ. ಮೇಷ್ಟ್ರ ಕಣ್ಣೂ ಆಗ ಮಂಜಾಗುತ್ತಾ ಬಂದಿತ್ತು. ಇಷ್ಟು ವರ್ಷ ಪ್ರಿಂಟ್ ಹಾಕಿಕೊಟ್ಟಿದ್ದೀಯ, ಎರಡರಲ್ಲಿ ಒಂದನ್ನು ಇಟ್ಟುಕೋ ಎಂದರು. ಯಾವುದು ಎಂದು ನಾನೇ ಆರಿಸಬೇಕು.

ಎರಡಕ್ಕೂ ಒಂದೇ ಬಗೆಯ ಫಿಲ್ಮ್ ಹಾಕಿ ಇಬ್ಬರೂ ಸೋಮನಾಥಪುರಕ್ಕೆ ಹೋದೆವು. ಒಂದೇ ಕಂಬದ ಬುಡದಲ್ಲಿ ನಿಂತು ಒಂದೇ ಚಾವಣಿಯನ್ನು ಎರಡರಲ್ಲೂ ತೆಗೆದೆ. ಪ್ರಿಂಟ್ ಹಾಕಿ ನೋಡಿದರೆ ಚಿಕ್ಕ ಕ್ಯಾಮೆರಾದ್ದು ತುಸು ಅಲುಗಿತ್ತು. ದೊಡ್ಡದರ ಲೆನ್ಸಿನ ಬಾಯಿ ಅಗಲ, ಚಿಕ್ಕದರ ಎರಡೂವರೆಯಷ್ಟು ಬೆಳಕು ಕುಡಿಯುತ್ತದೆ, ಅದರಲ್ಲಿ ಎಲ್ಲವೂ ನಿಂತ ನೀರಿನ ಹಾಗಿತ್ತು. ಎರಡೂ ಪ್ರಿಂಟುಗಳನ್ನು ಮೇಷ್ಟ್ರು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಬೆಳಕಿನ ಮಾತಾದ್ರೆ ದೊಡ್ಡದೇ ಸರಿ. ಆದ್ರೂ ಚಿಕ್ಕದನ್ನ ಇಟ್ಕೊಳಪ್ಪ” ಎಂದರು.

“ಯಾಕೆ ಸಾ?”

“ಚಿಕ್ಕದರದು ಬೆಳಕು ಅಳೆಯೋ ಕಣ್ಣು ಲೆನ್ಸಿನ ಬಳೆ ಒಳಗೇ ಇದೆ. ಲೆನ್ಸಿನ ಮುಚ್ಚಳ ತೆಗೀದೆ ಒತ್ತಕ್ಕೆ ಹೋದ್ರೆ ಮುಳ್ಳು ಏಳಲ್ಲ, ಬಟನ್ ಇಳಿಯಲ್ಲ. ದೊಡ್ಡದಕ್ಕೆ ಆ ಕಣ್ಣು ಹಣೇಲಿದೆ, ಶಿವನಿಗಿದ್ದಂಗೆ. ಲೆನ್ಸ್ ಮುಚ್ಚಿದ್ರೂ ಅದು ನೋಡ್ತಾನೇ ಇರುತ್ತೆ, ಕಿಂಡೀಲಿ ನಿನಗೂ ಕಾಣ್ತಾನೇ ಇರುತ್ತೆ. ಫಿಲ್ಮಿಗೆ ಮಾತ್ರ ಏನೂ ಕಾಣಲ್ಲ.”

“ಹದಿನೈದು ವರ್ಷದಿಂದ ಇದೇ ಕಸುಬು ಸಾ. ಮುಚ್ಚಳ ಮರೀತೀನಾ?”

“ನಾನು ಮರ್ತಿದೀನಿ. ಇಡೀ ರೋಲು. ಕಲ್ಲು ಅಲ್ಲೇ ಇತ್ತು, ಮತ್ತೆ ಹೋಗಿ ತೆಗೆದೆ. ನೀನು ತೆಗಿಯೋದು ಕಲ್ಲಲ್ಲ.”

ನಾನು ದೊಡ್ಡದನ್ನೇ ಆರಿಸಿದೆ. ಬೆಳಕಿನ ಕಾರಣ ಸುಳ್ಳಲ್ಲ. ಆದರೆ ಅದೊಂದೇ ಕಾರಣವೂ ಅಲ್ಲ. ಚಿಕ್ಕದು ಆಟಿಕೆಯ ಹಾಗೆ ಕಾಣುತ್ತಿತ್ತು. ಮರೆಗುಳಿಗಳಿಗೆ ಮಾಡಿದ ಕ್ಯಾಮೆರಾ ಹಿಡಿದು ಮನೆಗೆ ಹೋಗಲು ನನಗೆ ಇಷ್ಟವಿರಲಿಲ್ಲ.

ಮನೆಯಲ್ಲಿ ಮೊದಲು ಪರೀಕ್ಷೆಗೆ ತೆಗೆದದ್ದು ಅತ್ತಿಗೆಯನ್ನು. ಮಾಮೂಲಿನಂತೆ ಮೊರ ಇಟ್ಟುಕೊಂಡು ಕೂತಿದ್ದರು. ಮುಚ್ಚಳ ಬಿಚ್ಚಿ ಇದನ್ನು ಹಿಡಿದಿರಿ ಎಂದು ಅವರ ಕೈಗೇ ಕೊಟ್ಟೆ, ತೆಗೆದೆ.

“ಸದ್ದೇ ಬರ್ನಿಲ್ವಲ್ಲ. ತೆಗ್ದ್ಯಾ?”

“ತೆಗ್ದಾಯ್ತು.”

“ನನ್ ಮೊಕ ಯಾರ್ ನೋಡಾರು ಬುಡು. ಅತ್ತೇದ್ ತೆಗಿ. ಆದ್ರೆ ಇಲ್ಲಿ ಕೂರಿಸ್‌ಬ್ಯಾಡ, ಬೆಳಕು ನೇರ ಬಿದ್ರೆ ಕಣ್ ಮುಚ್ಕತಾರೆ. ಇಳೊತ್ತಲ್ಲಿ ಒರಳ್ ಪಕ್ಕ ಕೂರ್ಸು. ಆಗ ಬೆಳಕು ಗ್ವಾಡೆ ಮ್ಯಾಲ್ ಬಿದ್ದು ಆಮ್ಯಾಕೆ ಮೊಕಕ್ಕೆ ಬತ್ತದೆ. ಮೆತ್ತಗಿರ್ತದೆ. ನಾನ್ ಎದುರ್ಗಡೆ ಬಿಳೀ ಪಂಚೆ ಇಡ್ಕತೀನಿ, ಈ ಕಡೆ ಕೆನ್ನೇಗೂ ಒಸಿ ಬರ್ಲಿ.”

ಹದಿನೈದು ವರ್ಷ ಕಸುಬು ಮಾಡಿದ ನನಗೆ ಹೊಳೆಯದ್ದು ಅದು. ಅವರ ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ, ಮೊರದಲ್ಲಿದ್ದ ಅಕ್ಕಿಯ ಕಾಳು ಎಣಿಸಬಹುದಾಗಿತ್ತು, ಹಣೆಯ ವಿಭೂತಿಯ ಮೂರು ಗೆರೆ ಬೇರೆಬೇರೆ ಕಾಣುತ್ತಿದ್ದವು. ಅಣ್ಣ ನೋಡಿ, ಪರವಾಗಿಲ್ಲ ಕಣ್ಲಾ, ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಅವ್ವನನ್ನು ಕೂರಿಸಿದ ದಿನ ನಾನು ಹೊಸ ರೋಲು ಹಾಕಿ, ಒಂದು ಕಟ್ಟಪ್ಪಣೆ ಮಾಡಿದೆ. ನಾನು ಕ್ಯಾಮೆರಾ ಎತ್ತಿದ ಮೇಲೆ ಯಾರೂ ಉಸಿರೆತ್ತಬಾರದು, ಮಾತಾಡಿದರೆ ಅವ್ವ ಆ ಕಡೆ ತಿರುಗುತ್ತಾಳೆ, ಮುಖ ಅಲುಗಿಹೋಗುತ್ತದೆ. ಒರಳಿನ ಪಕ್ಕ ಚಾಪೆ, ಗೋಡೆಯ ಮೇಲೆ ಬೆಳಕು, ಎದುರಿಗೆ ಪಂಚೆ ಹಿಡಿದ ಅತ್ತಿಗೆ. ನಾನು ಮುಚ್ಚಳ ತೆಗೆದು ಕಿಂಡಿಯಲ್ಲಿ ನೋಡಿದೆ. ಹಳದಿ ಚೌಕದಲ್ಲಿ ಇಬ್ಬರು ಅವ್ವಂದಿರು. ಬಳೆ ತಿರುಗಿಸಿದೆ, ಒಬ್ಬಳು ನಿಧಾನವಾಗಿ ಬಂದು ಇನ್ನೊಬ್ಬಳೊಳಗೆ ಸೇರಿದಳು. ಅಷ್ಟರಲ್ಲಿ ಹೆಂಚಿನ ಮೇಲೆ ಬೆಕ್ಕು ಓಡಿ ಮಸಿ, ಧೂಳು ಉದುರಿತು. ಲೆನ್ಸಿಗೆ ಧೂಳು ಕೂರಬಾರದೆಂದು ಮುಚ್ಚಳ ಹಾಕಿದೆ. ಅವ್ವ ಕೆಮ್ಮಿ ಕೆಮ್ಮಿ ಸುಸ್ತಾದಳು. ಅತ್ತಿಗೆ ನೀರು ಕುಡಿಸಿ, ಸೆರಗು ಸರಿಮಾಡಿ, ಮತ್ತೆ ಪಂಚೆ ಹಿಡಿದು ನಿಂತರು. ಅವ್ವ ಉಸಿರು ತಿರುಗಿಸಿಕೊಂಡು, “ನಿಮ್ಮಪ್ಪ ಎಣ್ಣು ನೋಡಕ್ ಬಂದಾಗ್ಲೂ ನನ್ನ ಇಷ್ಟೊತ್ ಕೂರಿಸ್ನಿಲ್ಲ ಕಣ್ಲಾ” ಎಂದು ಹೇಳಿ ತಾನೇ ನಕ್ಕಳು.

ನಕ್ಕಾಗ ಕಣ್ಣು ಎರಡೂ ತೆರೆದಿದ್ದವು. ನಾನು ಹುಟ್ಟಿದ ಮೇಲೆ ಆ ಮುಖವನ್ನು ಅಷ್ಟು ಸರಿಯಾಗಿ ನೋಡಿದ್ದು ಆವತ್ತೇ ಇರಬೇಕು. ಕ್ಯಾಮೆರಾ ಎತ್ತಿದೆ, ಒತ್ತಿದೆ. ಎರಡನೆಯದು ಒತ್ತುವಾಗ ಅತ್ತಿಗೆ, “ಮಾದೇವು, ಅದು…” ಎಂದರು. ನಾನು ಕಿಂಡಿಯಿಂದ ಕಣ್ಣು ತೆಗೆಯದೆ ಎಡಗೈ ಬೆರಳು ಎತ್ತಿ ಉಸ್ ಎಂದೆ. ಮತ್ತೆ ಬಾಯಿ ತೆರೆದರು. ಈ ಸಲ, “ಸುಮ್ಕಿರ್ರಿ ಅತ್ಗೆ, ಆಳ್ಮಾಡ್‌ಬ್ಯಾಡಿ” ಎಂದು ಗದರಿದೆ. ಅವರು ಬಾಯಿ ಮುಚ್ಚಿದರು. ಅಲುಗದೆ ಪಂಚೆ ಹಿಡಿದು ನಿಂತರು. ಒಟ್ಟು ಒಂಬತ್ತು ತೆಗೆದೆ. ಒಂಬತ್ತೂ ಕಿಂಡಿಯಲ್ಲಿ ಸ್ಪಷ್ಟವಾಗಿ ಕಂಡವು. ಸಂತೋಷದಲ್ಲಿ ಲೆನ್ಸಿನ ಕಡೆ ನೋಡದೆಯೇ ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಸೇರಿಸಿ ಗುಂಡಿ ಹಾಕಿ ಗೋಡೆಯ ಗೂಡಿನಲ್ಲಿಟ್ಟೆ. ಅತ್ತಿಗೆ ಆಮೇಲೆ ಏನೋ ಕೇಳಲು ನನ್ನ ಹಿಂದೆ ಜಗಲಿಯವರೆಗೆ ಬಂದರು. ನರಸೀಪುರದಲ್ಲಿ ರಾತ್ರಿಗೆ ಒಂದು ಮದುವೆಯ ಫೋಟೋ ಇತ್ತು, ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ರೋಲಿನಲ್ಲಿ ಇನ್ನೂ ಬಹಳ ಫಿಲ್ಮ್ ಉಳಿದಿತ್ತು. ಮುಗಿಯದ ರೋಲನ್ನು ತೊಳೆಯುವ ಅಭ್ಯಾಸ ನಮ್ಮ ಕಸುಬಿನವರಿಗೆ ಇಲ್ಲ. ಮುಂದಿನ ವಾರ ಇನ್ನಷ್ಟು ತೆಗೆದು ಒಟ್ಟಿಗೆ ತೊಳೆಯೋಣವೆಂದು ಬಿಟ್ಟೆ. ಆ ವಾರ ಮಳೆ ಹಿಡಿಯಿತು. ಅವ್ವನ ಕೆಮ್ಮು ಇಳಿಯಲೇ ಇಲ್ಲ. ಎಂಟನೆಯ ದಿನ ಬೆಳಿಗ್ಗೆ ಹಾಲು ಕುಡಿಸಲು ಹೋದ ಅತ್ತಿಗೆ ಲೋಟ ಹಾಗೇ ಹಿಡಿದು ಹೊರಗೆ ಬಂದರು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಒಂದೇ ಮಾತು ಹೇಳಿದ. “ಅವ್ವನ್ ಫೋಟೋ ದೊಡ್ಡದಾಗ್ ಮಾಡ್ಸು. ಅನ್ನೊಂದನೇ ದಿನಕ್ಕೆ ಬೇಕು.” ಫ್ರೇಮನ್ನು ಅವನೇ ತಂದಿಟ್ಟ. ಗೂಡಿನಲ್ಲಿ ಕ್ಯಾಮೆರಾ ಇರಲಿಲ್ಲ. ಅತ್ತಿಗೆ ಟ್ರಂಕಿನೊಳಗಿಂದ ತೆಗೆದುಕೊಟ್ಟರು, ಮಳೆಗೆ ಗೂಡಿನ ಮೇಲೆ ಸೋರುತ್ತಿತ್ತಂತೆ. ಚೀಲ ಬಿಚ್ಚಿದರೆ ಮುಚ್ಚಳ ಲೆನ್ಸಿನ ಮೇಲಿತ್ತು. ಚೀಲದಲ್ಲಿರುವಾಗ ಅದು ಅಲ್ಲೇ ಇರಬೇಕಾದದ್ದು, ಆದ್ದರಿಂದ ನನಗೆ ಏನೂ ಅನ್ನಿಸಲಿಲ್ಲ. ನರಸೀಪುರಕ್ಕೆ ಹೋಗಿ ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದು ದೀಪ ಹಾಕಿ ಎತ್ತಿ ಹಿಡಿದೆ. ತುದಿಯಿಂದ ತುದಿಗೆ ಗಾಜಿನ ಹಾಗೆ ತಿಳಿಯಾಗಿತ್ತು. ಬೆಳಕು ಬಿದ್ದ ಫಿಲ್ಮ್ ಕಪ್ಪಾಗುತ್ತದೆ. ಏನೂ ಬೀಳದ್ದು ಹೀಗೆ ನೀರಿನ ಹಾಗೆ ಇರುತ್ತದೆ. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಬೆಕ್ಕು, ಧೂಳು, ಮುಚ್ಚಳ, ಅತ್ತಿಗೆಯ ತೆರೆದ ಬಾಯಿ. ಅವರು ನೋಡಿದ್ದರು. ಹೇಳಲು ಬಂದಿದ್ದರು. ಬಸ್ಸಿನಲ್ಲಿ ನಂಜನಗೂಡು ಬರುವವರೆಗೆ ನಾನು ಅವ್ವನಿಗಾಗಿ ಅಳಲಿಲ್ಲ. ಅತ್ತಿಗೆ ಅಣ್ಣನಿಗೆ ಹೇಳಿಬಿಟ್ಟರೆ ಏನು ಗತಿ ಎಂಬುದೊಂದೇ ತಲೆಯಲ್ಲಿತ್ತು.

ನಡುಮನೆಯಲ್ಲಿ ಕವಲಂದೆಯಿಂದ ಬಂದ ನೆಂಟರು ಕೂತಿದ್ದರು. ಅಣ್ಣ ಖಾಲಿ ಫ್ರೇಮಿನ ಗಾಜು ಒರೆಸುತ್ತಿದ್ದ.

“ಎಲ್ಲೋ?” ಎಂದ.

“ಫಿಲ್ಮ್ ಆಳಾಗೋಯ್ತು ಅಣ್ಣ. ಬೆಳಕು ಬಿದ್ದದೆ. ಯಾರೋ ಕ್ಯಾಮೆರಾ ಬಿಚ್ಚವ್ರೆ.”

“ಯಾರ್ ಮುಟ್ಟಿದ್ದು ಅದ್ನ?”

ಅತ್ತಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದರು. “ನಾನೇ ಎತ್ತಿ ಟ್ರಂಕಲ್ಲಿ ಮಡಗ್ದೆ. ಸೋರ್ತಿತ್ತು ಅಂತ. ಬಿಚ್ನಿಲ್ಲ ಕಣ್ರೀ.”

ಅಣ್ಣ ನನ್ನ ಕಡೆ ತಿರುಗಿದ. “ಎತ್ತಿಟ್ರೆ ಬಿಚ್ಕತದಾ?”

ಇಲ್ಲ ಎನ್ನಬಹುದಾಗಿತ್ತು. ಮುಚ್ಚಳ ತೆಗೆಯುವುದು ಮರೆತೆ ಎನ್ನಬಹುದಾಗಿತ್ತು. ನೆಂಟರೆಲ್ಲ ನನ್ನನ್ನೇ ನೋಡುತ್ತಿದ್ದರು, ಎರಡು ತಾಲ್ಲೂಕಿಗೆ ಫೋಟೋ ತೆಗೆಯುವವನನ್ನು.

“ಇಂದ್ಗಡೆ ಕೊಂಡಿ ಸಡ್ಲ ಅದಕ್ಕೆ. ಒಸಿ ತಗುಲಿದ್ರೂ ಬಿಚ್ಕತದೆ” ಎಂದೆ.

ಅತ್ತಿಗೆ ಬಂದು ನನ್ನ ಕೈಯಿಂದ ಫಿಲ್ಮ್ ತೆಗೆದುಕೊಂಡು ಗಾಜಿನ ಹೆಂಚಿನ ಕಡೆ ಎತ್ತಿ ನೋಡಿದರು. ಹಿಂದೆ ಯಾವಾಗಲೋ ಹಾಳಾದ ಒಂದು ರೋಲನ್ನು ಮನೆಗೆ ತಂದು, ಬೆಳಕು ಬಿದ್ದರೆ ಹೇಗಾಗುತ್ತದೆ ಎಂದು ಜಂಬದಿಂದ ಅವರಿಗೆ ಪಾಠ ಮಾಡಿದ್ದವನು ನಾನೇ.

“ಬೆಳಕು ಬಿದ್ರೆ ಕರ್ರಗಾಯ್ತದೆ ಅಂತ ನೀನೇ ಏಳಿದ್ಯಲ್ಲ ಮಾದೇವು. ಇದು ತಿಳಿನೀರಂಗದಲ್ಲ” ಎಂದರು. ಅದರಲ್ಲಿ ವಾದ ಇರಲಿಲ್ಲ, ಕೇಳಿದರು ಅಷ್ಟೇ.

“ನಿಮ್ಗೇನ್ ಗೊತ್ತಾಯ್ತದೆ ಇದ್ರಲ್ಲಿ? ಮಾಡದ್ ಮಾಡ್ಬುಟ್ಟು ನಂಗೇ ಪಾಟ ಏಳಕ್ ಬತ್ತೀರಾ?”

ನಾಲ್ಕು ಜನರ ಮುಂದೆ ನಾನು ಅವರ ಮೇಲೆ ಹಾಗೆ ದನಿ ಎತ್ತಿದ್ದು ಅದೇ ಮೊದಲು. ಅವರು ನನ್ನ ಮುಖವನ್ನು ನೋಡಿದರು. ಫಿಲ್ಮನ್ನು ಸುತ್ತಿ ವಾಪಸು ಕೊಟ್ಟರು.

“ಆಗಿರ್ಬೋದು ಬುಡಿ. ನನ್ ಕೈಯಿಂದ್ಲೇ ಆಗಿರ್ಬೋದು.”

ಅಣ್ಣ ಹೊಡೆಯಲಿಲ್ಲ. ಹೊಡೆದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೋ ಏನೋ. ಎದ್ದು ಹೋಗಿ, ಮೊರ ಇಟ್ಟುಕೊಂಡು ಕೂತ ಅತ್ತಿಗೆಯ ಆ ಫೋಟೋವನ್ನು ತಂದು ಅವರ ಮುಂದೆ ಹಾಕಿದ. “ನಿನ್ ಮೊಕ ಚೆಂದಾಗ್ ಬಂದದೆ. ನಮ್ಮವ್ವಂದ್ ಅಳಿಸ್ಬುಟ್ಟೆ. ನಾಳಿಕೆ ಎಡೆ ನೀನ್ ಇಕ್ಕ್‌ಬ್ಯಾಡ. ಯಾವತ್ತೂ ಇಕ್ಕ್‌ಬ್ಯಾಡ.” ಮಾರನೆಯ ದಿನ ಅವ್ವನ ಸೀರೆಯನ್ನೂ ಊರುಗೋಲನ್ನೂ ಮಣೆಯ ಮೇಲಿಟ್ಟು ಕವಲಂದೆಯ ಚಿಕ್ಕಮ್ಮನ ಸೊಸೆಯ ಕೈಯಲ್ಲಿ ಎಡೆ ಇಡಿಸಿದರು. ಅಡುಗೆ ಪೂರ್ತಿ ಅತ್ತಿಗೆಯದೇ. ಒಲೆಯ ಮುಂದಿನ ಬೂದಿಯಲ್ಲಿ ಅರ್ಧ ಸುಟ್ಟ ದಪ್ಪ ಕಾಗದದ ಮೂಲೆಯೊಂದನ್ನು ನಾನು ಕಂಡೆ. ತಮ್ಮ ಫೋಟೋವನ್ನು ಅವರೇ ಉರಿಗೆ ಹಾಕಿದ್ದರು.

ಆಮೇಲೆ ವರ್ಷ ವರ್ಷವೂ ಅದೇ. ನನಗೆ ಮದುವೆಯಾಯಿತು, ಎಡೆ ಇಡುವುದು ನನ್ನ ಹೆಂಡತಿಯ ಪಾಲಿಗೆ ಬಂತು. ಪಕ್ಷದ ಹಬ್ಬದ ದಿನ ಅತ್ತಿಗೆ ಬೆಳಗಿನಿಂದ ಒಲೆ ಬಿಟ್ಟು ಏಳುತ್ತಿರಲಿಲ್ಲ. ಅವ್ವನಿಗೆ ಇಷ್ಟವೆಂದು ಒತ್ತು ಶಾವಿಗೆ ಒತ್ತಿ, ಕಾಯಿಹಾಲು ಮಾಡಿ, ಎಲ್ಲವನ್ನೂ ಹೊಸ್ತಿಲವರೆಗೆ ತಂದು ಇಡುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ. ನಾವು ಮಂಗಳಾರತಿ ಮಾಡುವಾಗ ಒಳಗೇ ನಿಂತು ಕೈಮುಗಿಯುತ್ತಿದ್ದರು. ಮೊದಲ ವರ್ಷ ನನಗೆ ತುತ್ತು ಇಳಿಯಲಿಲ್ಲ. ಮೂರನೆಯ ವರ್ಷ ಇಳಿಯಿತು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ. ಇದೇ ನಿಜ. ಆ ಕ್ಯಾಮೆರಾವನ್ನು ಮತ್ತೆ ಮುಟ್ಟಲಾಗಲಿಲ್ಲ, ಮೇಷ್ಟ್ರಿಗೆ ವಾಪಸು ಕೊಟ್ಟೆ. ಅವರು ಅವ್ವನ ಫೋಟೋ ಕೇಳಿದರು. ಬರಲಿಲ್ಲ ಎಂದೆ. ಅವರು ಲೆನ್ಸಿನ ಮುಚ್ಚಳವನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿ ಕ್ಯಾಮೆರಾವನ್ನು ಒಳಗಿಟ್ಟರು. ಎರಡು ಸಾವಿರದ ನಂತರ ಎಲ್ಲರ ಕೈಗೂ ಹೊಸ ಬಗೆಯ ಕ್ಯಾಮೆರಾ ಬಂದು ಸ್ಟುಡಿಯೋದ ಕೆಲಸ ಇಳಿಯುತ್ತಾ ಬಂತು, ಹಳೆಯ ನೆಗೆಟಿವ್‌ಗಳನ್ನೆಲ್ಲ, ಅತ್ತಿಗೆಯದೂ ಸೇರಿ, ಗುಜರಿಗೆ ಹಾಕಿ ಬಾಗಿಲು ಹಾಕಿದೆ.

ಅಣ್ಣ ಹಾಸಿಗೆ ಹಿಡಿದಾಗ ಅವನಿಗೆ ಉಣ್ಣಿಸಿ ತೊಳೆಸಿ ಮಾಡಿದ್ದು ಅತ್ತಿಗೆಯೇ. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದೆ. ಅವನು ಗಾಜಿನ ಹೆಂಚನ್ನೇ ನೋಡುತ್ತಾ, “ಅವ್ವನ್ ಮೊಕ ಗ್ಯಾಪ್ಕಕ್ಕೆ ಬತ್ತಾ ಇಲ್ಲ ಕಣೋ. ಸೀರೆ ಬತ್ತದೆ, ಕೈ ಬತ್ತದೆ. ಮೊಕ ಬತ್ತಾ ಇಲ್ಲ” ಎಂದ. ಅತ್ತಿಗೆ ಅವನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವರು ತಲೆ ತಗ್ಗಿಸಿದರು. ತಲೆ ತಗ್ಗಿಸಬೇಕಾದವನು ಮಗ್ಗುಲಲ್ಲೇ ಕೂತಿದ್ದೆ. ಆವತ್ತೂ ಹೇಳಲಿಲ್ಲ. ಸಾಯುವವನ ನೆಮ್ಮದಿ ಯಾಕೆ ಕೆಡಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನಿಗೆ ನೆಮ್ಮದಿಯೇ ಇರಲಿಲ್ಲ.

ಅಣ್ಣ ಹೋದ ವರ್ಷ ಹಬ್ಬಕ್ಕೆ, ಇನ್ನು ನೀವೇ ಎಡೆ ಇಡಿ ಅತ್ತಿಗೆ ಎಂದೆ. ಅದನ್ನೇ ದೊಡ್ಡ ಉಪಕಾರದ ಹಾಗೆ ಹೇಳಿದೆ.

“ಬ್ಯಾಡ ಬುಡು. ನಿಮ್ಮಣ್ಣ ಇಕ್ಕ್‌ಬ್ಯಾಡ ಅಂದವ್ರೆ. ಅವ್ರ್ ಓದ್ರು ಅಂತ ಅವ್ರ್ ಮಾತ್ ಓದದಾ?”

ಆ ದಿನ ಸಂಜೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಉಳಿದ ಎಲೆಗಳನ್ನು ಒರೆಸಿ ಜೋಡಿಸುತ್ತಾ ಅತ್ತಿಗೆ ತಾವಾಗಿ ಮಾತು ತೆಗೆದರು.

“ಮಾದೇವು, ಒಂದ್ ಮಾತು. ಆವತ್ತು ಅದ್ರ ಮ್ಯಾಲೆ ಮುಚ್ಚಳ ಅಂಗೇ ಇತ್ತು. ನಾನ್ ನೋಡ್ದೆ. ಏಳಕ್ ಓದೆ, ನೀನು ಸುಮ್ಕಿರಿ ಅಂದೆ. ಎದರ್ಕಂಬುಟ್ಟೆ. ಜಗ್ಗದೆ ಏಳ್ಬೇಕಾಗಿತ್ತು. ನಾನು ಬಾಯ್ಬುಟ್ಟಿದ್ರೆ ಅತ್ತೆ ಮೊಕ ಮನೇಲಿ ಇರ್ತಿತ್ತು. ನಿಮ್ಮಣ್ಣ ಅಂಗ್ ಕೊರಗಿ ಸಾಯ್ತಿರ್ನಿಲ್ಲ. ನನ್ ತೆಪ್ಪು ಅದೆ ಕಣಪ್ಪ. ಅದ್ಕೇ ಯಾರ್‌ಗೂ ಏನೂ ಏಳಿಲ್ಲ.”

ಇಷ್ಟು ವರ್ಷ ಅವರು ನನ್ನ ತಪ್ಪನ್ನು ಹೊತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರು ಅದನ್ನು ತಮ್ಮದೇ ಮಾಡಿಕೊಂಡಿದ್ದರು. ಕಾಲು ಹಿಡಿಯಬೇಕಾದ ಗಳಿಗೆ ಅದು. ಇದಕ್ಕಿಂತ ಸುಲಭವಾದ ಗಳಿಗೆ ಯಾರಿಗೂ ಸಿಕ್ಕಿರಲಾರದು. ಮಾತು ಅವರೇ ತೆಗೆದಿದ್ದರು, ಕೇಳಲು ಬೇರೆ ಯಾರೂ ಇರಲಿಲ್ಲ. ನಾನು ಏನು ಹೇಳಿದೆನೆಂದರೆ, “ಓಗ್ಲಿ ಬುಡಿ ಅತ್ಗೆ. ಆಗಿದ್ದಾಯ್ತು.” ಕ್ಷಮಿಸಿದವನ ಹಾಗೆ ಹೇಳಿದೆ. ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ಮರುವರ್ಷ ಅವರೂ ಹೋದರು. ತವರಿನ ಕಡೆಯ ಒಂದು ಮದುವೆಗೆ ಹೋದವರು ಅಲ್ಲೇ ಮಲಗಿದಲ್ಲಿ ಹೋದರು. ಹನ್ನೊಂದನೆಯ ದಿನಕ್ಕೆ ಮೊದಲು, ಗಂಡನ ಮನೆಯಿಂದ ಬಂದಿದ್ದ ಅವರ ಒಬ್ಬಳೇ ಮಗಳು ನನ್ನ ಹತ್ತಿರ ಬಂದು ಕೂತಳು.

“ಚಿಕ್ಕಪ್ಪ, ಅವ್ವಂದು ಒಂದ್ ಫೋಟೋನೂ ಇಲ್ವಾ ನಿಮ್ಮತ್ರ?”

“ಇಲ್ಲ ಮಗ.”

“ಅಜ್ಜಿ ಫೋಟೋನ ಅವ್ವ ಆಳ್ಮಾಡಿದ್ಲಲ್ಲ, ಅದ್ಕೇ ಇರ್ಬೇಕು. ಆಮೇಲೆ ಯಾವತ್ತೂ ಕ್ಯಾಮೆರಾ ಮುಂದೆ ಕೂರ್ನಿಲ್ಲ ಅವ್ವ. ನನ್ ಮದ್ವೇಲೂ ಅಡ್ಗೆಮನೇಲೇ ಇದ್ಲು.”

ಊಂ ಎಂದೆ, ಅಷ್ಟೇ. ತಾಯಿಯ ಮೇಲಿನ ಆ ಮಾತನ್ನು ಮಗಳು ತನ್ನ ಮನೆಗೆ ಕಟ್ಟಿಕೊಂಡು ಹೋದಳು. ಈಗ ತನ್ನ ಮಕ್ಕಳಿಗೂ ಹೇಳಿರುತ್ತಾಳೆ.

ಅವಳು ಇದನ್ನು ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಓದಿದರೂ ಮಣೆಯ ಮೇಲೆ ಇಡಲು ಅಜ್ಜಿಯ ಮುಖವೂ ತಾಯಿಯ ಮುಖವೂ ಇಲ್ಲವೇ ಇಲ್ಲ. ಅವೆರಡೂ ನನ್ನಿಂದ ಹೋದವು. ನಲವತ್ತಕ್ಕೂ ಹೆಚ್ಚು ವರ್ಷ ನಾನು ಅವರನ್ನು ಅತ್ತಿಗೆ ಎಂದೇ ಕರೆದೆ. ಅವ್ವ ಅವರನ್ನು ‘ಇವಳೇ’ ಎಂದಳು, ಅಣ್ಣ ಬರೀ ‘ಏ’ ಎಂದ, ಬೀದಿಯವರು ಬಾಳೆಮಂಡಿಯವರ ಹೆಂಡತಿ ಎಂದರು. ನಾನು ಕ್ಷಮೆ ಕೇಳದೆ ಹೋದದ್ದು ಇವರಲ್ಲಿ. ಅವರ ಹೆಸರು ಗೌರಮ್ಮಣ್ಣಿ.